ಕೆಂಪು ಗುರುತು

ಇಶ್ಬೆಲ್‌ಳ ಚೆಂಡು ಈ ಸಲವೂ ಮರ್ಡೋನ ಚೆಂಡಿಗಿಂತ ಮೂರು ಹೆಜ್ಜೆ ಹಿಂದೆ ಬಿದ್ದಿತ್ತು. ಅವನು ಅಳೆದೇ ನೋಡಿದ. ಮೊದಲ ಗುಳಿಯಲ್ಲಿ ನಾಲ್ಕು ಹೆಜ್ಜೆ, ಎರಡನೆಯದರಲ್ಲಿ ಎರಡು, ಈಗ ಮೂರು. ಗಾಳಿ ಸಮುದ್ರದಿಂದ ಬೀಸಲಿ, ಗುಡ್ಡದಿಂದ ಬೀಸಲಿ, ಹೆಂಡತಿಯ ಚೆಂಡು ಗಂಡನನ್ನು ದಾಟುವುದೇ ಇಲ್ಲವೆಂದರೆ ಅದರಲ್ಲಿ ಏನೋ ಮಸಲತ್ತು ಇರಲೇಬೇಕು. ಮೂವತ್ತು ವರ್ಷ ಬಂದರಿನಲ್ಲಿ ದೂರ ಅಳೆದು ಹಡಗುಗಳನ್ನು ದಡಕ್ಕೆ ಕಟ್ಟಿಸಿದ ಕಣ್ಣು ಅವನದು.

ಸ್ಕಾಟ್ಲೆಂಡಿನ ಆ ಕಡಲೂರಿನ ಗಾಲ್ಫ್ ಮೈದಾನದಲ್ಲಿ ಪ್ರತಿ ಗುಳಿಯ ಮೊದಲ ಹೊಡೆತವನ್ನು ಗಂಡಸರು ಹಳದಿ ಗುರುತಿನಿಂದ ಹೊಡೆಯುತ್ತಿದ್ದರು, ಹೆಂಗಸರು ಐವತ್ತು ಹೆಜ್ಜೆ ಮುಂದಿನ ಕೆಂಪು ಗುರುತಿನಿಂದ. ಹೋದ ವಾರ ಕ್ಲಬ್ಬಿನ ಬಾಗಿಲಿಗೆ ಒಂದು ಚೀಟಿ ಬಂತು: ಗಂಡಸು ಹೆಂಗಸು ಎಂದು ನೋಡಬೇಡಿ, ನಿಮ್ಮ ಚೆಂಡು ಹೋಗುವಷ್ಟು ದೂರ ನೋಡಿ ಗುರುತು ಆರಿಸಿಕೊಳ್ಳಿ. ಇಶ್ಬೆಲ್ ಕ್ಲಬ್ಬಿನ ಕಮಿಟಿಯಲ್ಲಿದ್ದಳು.

"ಆ ಚೀಟಿ ನೀನೇ ಬರೆಸಿದ್ದಾ?"

"ಹೌದಪ್ಪ, ನಂಗೆ ಬೇರೆ ಕೆಲಸ ಇಲ್ಲ ನೋಡು. ನಡಿ, ನಿಂತ್ರೆ ಚಳಿ."

ನಾಲ್ಕನೇ ಗುಳಿಗೆ ಬಂದಾಗ ಮರ್ಡೋ ಹಳದಿ ಗುರುತಿನ ಹತ್ತಿರ ನಿಲ್ಲಲಿಲ್ಲ. ನೇರ ಕೆಂಪು ಗುರುತಿಗೆ ನಡೆದ. ಪಕ್ಕದಲ್ಲಿ ಆಡುತ್ತಿದ್ದವರು ಯಾರಾದರೂ ನೋಡಿಯಾರೆಂದು ಕಿವಿ ಬಿಸಿಯಾಯಿತು.

"ಇಲ್ಲೇನು ಮಾಡ್ತಿದ್ದೀಯ?"

"ಇನ್ಮೇಲೆ ಇಲ್ಲಿಂದಲೇ ಹೊಡೀತೀನಿ. ನೀನು ಮೊದಲು ಹೊಡಿ."

"ಯಾವಾಗಲೂ ನೀನೇ ಅಲ್ವಾ ಮೊದಲು?"

"ಅದಕ್ಕೇ. ನಂದು ಎಲ್ಲಿ ಬಿತ್ತು ಅಂತ ನೋಡ್ಕೊಂಡು ತಾನೇ ನೀನು ಹೊಡೆಯೋದು?"

ಅವಳು ಕೈಗವಸು ಎಳೆದುಕೊಂಡಳು. "ಬೇಡ ಮರ್ಡೋ."

"ಪೂರ್ತಿ ಹೊಡಿ. ಕೈ ತಡೆದರೆ ನಂಗೆ ಗೊತ್ತಾಗತ್ತೆ."

ಇಶ್ಬೆಲ್ ಹೊಡೆದಳು. ಚೆಂಡು ಹಳ್ಳ ದಾಟಿ, ಮುಳ್ಳುಪೊದೆ ದಾಟಿ, ಹುಲ್ಲಿನ ಮೇಲೆ ಇನ್ನೂ ಅಷ್ಟು ದೂರ ಉರುಳಿತು. ಮರ್ಡೋ ತನ್ನ ಶಕ್ತಿಯನ್ನೆಲ್ಲ ಹಾಕಿ ಹೊಡೆದ, ಚೆನ್ನಾಗಿಯೂ ಹೊಡೆದ. ಅದು ಮೂವತ್ತು ಹೆಜ್ಜೆ ಹಿಂದೆಯೇ ನಿಂತಿತು. ಅನುಮಾನ ನಿಜವಾದದ್ದಕ್ಕೆ ಖುಷಿಪಡಬೇಕಾಗಿದ್ದ ಅವನಿಗೆ ಅಳು ಬಂದಂತಾಯಿತು.

"ಎಷ್ಟು ದಿನದಿಂದ?"

"ನಿನ್ನ ಭುಜದ ಆಪರೇಷನ್ ಆದಾಗಿಂದ. ಎರಡು ವರ್ಷ."

"ಒಳಗೊಳಗೇ ನಗ್ತಿದ್ದೆ."

"ನಗೋದೆಲ್ಲಿ ಬಂತು? ಬೇಕೂಂತ ಕಮ್ಮಿ ಹೊಡೆಯೋದು ಎಷ್ಟು ಕಷ್ಟ, ನಿಂಗೇನು ಗೊತ್ತು."

ಇಬ್ಬರೂ ಚೆಂಡುಗಳ ಕಡೆ ನಡೆದರು. ಚೆಂಡು ಹಿಂದೆ ಬಿದ್ದವರು ಮೊದಲು ಹೊಡೆಯಬೇಕು, ಮುಂದಿನವರು ತಮ್ಮ ಚೆಂಡಿನ ಹತ್ತಿರ ಕಾಯಬೇಕು. ಜೊತೆಗೆ ಆಡಿದ ಮೂವತ್ತೆಂಟು ವರ್ಷವೂ ಕಾದವನು ಅವನೇ, ಅದೂ ಗೊಣಗುತ್ತಾ. ಈಗ ಅವನ ಚೆಂಡಿನ ಬಳಿ ಅವಳೂ ರೂಢಿಯಂತೆ ನಿಂತುಬಿಟ್ಟಳು.

"ನಿಂದು ಅಲ್ಲಿದೆ. ಹೋಗು," ಎಂದ ಮರ್ಡೋ.

ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಅವನು ಕೈ ಬೀಸಿದ. ಆಮೇಲೆ ಅವಳು ತಿರುಗಲಿಲ್ಲ. ಬೆನ್ನ ಮೇಲಿನ ಚೀಲ ಕುಣಿಯುವಂತೆ ಇಳಿಜಾರಿನಲ್ಲಿ ಸರಸರನೆ ಹೋಗುತ್ತಿದ್ದಳು. ಇಶ್ಬೆಲ್ ಇಷ್ಟು ಬೇಗ ನಡೆಯುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.