ಉಜ್ಜೆರನ್ನಾಯ ಬರಿಯ ಚೆನ್ನಪ್ಪ

ಕುಂಬಳೆಯ ಚೆನ್ನಪ್ಪನಿಗೆ ಊರು ನೋಡುವ ಹುಚ್ಚು. ಕೈಯಲ್ಲಿ ಕಾಸಿಲ್ಲದವನಿಗೆ ಇಂಥ ಹುಚ್ಚು ಹಿಡಿದರೆ ಬಿಡಿಸಲು ಯಾವ ಮದ್ದೂ ಇಲ್ಲ. ಅದು ಯುದ್ಧದ ಕಾಲ. ಅಕ್ಕಿಗೆ ರೇಶನ್, ಸೀಮೆಎಣ್ಣೆಗೆ ರೇಶನ್. ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದಲ್ಲಿ ಜನರೇ ಇಳಿದು ದೂಡಬೇಕಿತ್ತು. ಟಿಕೆಟು ಕೊಟ್ಟು ಬಸ್ಸು ದೂಡುವುದಕ್ಕಿಂತ ಸುಮ್ಮನೆ ನಡೆಯುವುದು ಮೇಲು ಎಂಬುದು ಚೆನ್ನಪ್ಪನ ವಾದ. ಅದರಲ್ಲಿ ತಪ್ಪೇನೂ ಇಲ್ಲ.

ಕಾಸಿಲ್ಲದೆ ತಿರುಗುವುದರಲ್ಲಿ ಅವನು ಪಳಗಿದ್ದ. ಕೇಳಿದವರಿಗೂ ಕೇಳದವರಿಗೂ ಆ ವಿದ್ಯೆಯನ್ನು ಧಾರಾಳವಾಗಿ ಹೇಳಿಕೊಡುತ್ತಿದ್ದ. ಮೈಮೇಲೊಂದು ಮುಂಡು, ಗಂಟಿನಲ್ಲೊಂದು ಮುಂಡು, ಅದಕ್ಕಿಂತ ಹೆಚ್ಚು ಹೊರುವವನು ಪ್ರಯಾಣಿಕನಲ್ಲ, ಎತ್ತು. ಕೊಡೆ ಒಯ್ಯಲೇಬಾರದು, ಕೊಡೆ ಇದ್ದವನನ್ನು ಮಳೆ ಬಂದರೂ ಮನೆಯವರು ಹೊರಡು ಎನ್ನುತ್ತಾರೆ. ದೀಪ ಹಚ್ಚುವ ಹೊತ್ತಿಗೇ ಅಂಗಳಕ್ಕೆ ಕಾಲಿಡಬೇಕು, ಆ ಹೊತ್ತಿನಲ್ಲಿ ಬಂದವರನ್ನು ಹೊರದೂಡುವ ಧೈರ್ಯ ಯಾರಿಗೂ ಇಲ್ಲ. ನಾಯಿಯನ್ನು ಹೊಗಳಬೇಕು. ಊಟ ಆಯಿತೇ ಎಂದರೆ ಆಯಿತು ಎನ್ನಬೇಕು, ಮುಖ ಮಾತ್ರ ಆಗದವನಂತೆ ಇರಬೇಕು.

ಇವೆಲ್ಲ ಸಣ್ಣಪುಟ್ಟವು. ದೊಡ್ಡ ಉಪಾಯ ಬರಿಯದ್ದು. ತುಳುವರಲ್ಲಿ ಪ್ರತಿಯೊಬ್ಬನಿಗೂ ತಾಯಿಯ ಕಡೆಯಿಂದ ಬಂದ ಒಂದು ಬರಿ, ಅಂದರೆ ಕುಲದ ಹೆಸರು, ಉಂಟಷ್ಟೆ. ಒಂದೇ ಬರಿಯವರೆಂದರೆ ಎಲ್ಲಿ ಹುಟ್ಟಿದರೂ ಒಡಹುಟ್ಟಿದವರೇ, ಅವರೊಳಗೆ ಮದುವೆ ಕೂಡದು, ಊಟಕ್ಕೆ ಮಾತ್ರ ಅಡ್ಡಿಯಿಲ್ಲ. ಚೆನ್ನಪ್ಪ ಯಾವ ಮನೆಯ ಜಗಲಿ ಹತ್ತಿದರೂ ಬೆಲ್ಲ ನೀರು ಕುಡಿದು, ಹಿರಿಯರು ಮೊದಲು ಹೇಳಬೇಕೆಂದು ವಿನಯ ತೋರಿಸಿ, ಮನೆಯವರ ಬಾಯಿಂದಲೇ ಅವರ ಬರಿಯನ್ನು ಹೊರಡಿಸುತ್ತಿದ್ದ. ಮರುಕ್ಷಣ ಅವನ ಕಣ್ಣಲ್ಲಿ ನೀರು. ತನ್ನದೂ ಅದೇ! ಹೀಗೆ ಅವನು ಮಂಜೇಶ್ವರದಲ್ಲಿ ಕುಂದರ್, ಪೈವಳಿಕೆಯಲ್ಲಿ ಸಾಲ್ಯಾನ್, ಬದಿಯಡ್ಕದಲ್ಲಿ ಕೋಟ್ಯಾನ್ ಆಗಿ ಹೊಟ್ಟೆ ತುಂಬ ಉಂಡಿದ್ದ.

ಆ ವರ್ಷ ಮಳೆ ಬಿಟ್ಟ ಮೇಲೆ ಒಣಮೀನು ಮಾರುವ ಮಮ್ಮಾಲಿಯ ಎತ್ತಿನ ಗಾಡಿಯ ಹಿಂದೆ ನಡೆಯುತ್ತ ಬೋವಿಕಾನಕ್ಕೆ ಬಂದ. ಮಮ್ಮಾಲಿ ಸಂತೆಯಲ್ಲಿ ಉಳಿದ. ಚೆನ್ನಪ್ಪ ಒಬ್ಬನೇ ಮುಂದೆ ಹೋಗಿ, ಹಳ್ಳ ದಾಟುವಾಗ ಉಟ್ಟ ಮುಂಡನ್ನು ಒದ್ದೆ ಮಾಡಿಕೊಂಡು, ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ಕಾರಡ್ಕದ ಹತ್ತಿರ ಒಂದು ಮನೆಯ ಅಂಗಳಕ್ಕಿಳಿದ. ಜಗಲಿಯಲ್ಲಿ ಕೂತಿದ್ದವಳು ಅಮ್ಮು ಅಜ್ಜಿ. ಬೆಲ್ಲ ನೀರು ಬಂತು, ನಾಯಿಯ ಹೊಗಳಿಕೆ ಮುಗಿಯಿತು, ಬರಿಯ ಮಾತು ಬಂತು. ಅಜ್ಜಿ ಅತ್ತಿತ್ತ ನೋಡಿ, ತಮ್ಮದು ಉಜ್ಜೆರನ್ನಾಯ ಬರಿ ಎಂದಳು.

ಇಂಥ ಬರಿಯನ್ನು ಚೆನ್ನಪ್ಪ ಕೇಳಿಯೇ ಇರಲಿಲ್ಲ. ಆದರೂ ಅವನ ಕಣ್ಣು ಎಂದಿನಂತೆ ತುಂಬಿತು. ಈ ಬರಿಯವನು ಭೂಮಿಯ ಮೇಲೆ ನೀನೊಬ್ಬನೇ ಉಳಿದೆಯಲ್ಲ ಎಂದು ತಾಯಿ ಸಾಯುವಾಗ ಅತ್ತಿದ್ದಳೆಂದು ಹೇಳಿ ಮೂಗು ಒರೆಸಿಕೊಂಡ. ಅಜ್ಜಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದುಃಖವೆಂದು ಚೆನ್ನಪ್ಪ ತಿಳಿದ.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಬಡಿಸಿದವಳು ಅಜ್ಜಿಯ ಮೊಮ್ಮಗಳು, ಮಗಳ ಮಗಳು ಸುಂದರಿ. "ಅಣ್ಣಾ, ನಿಮ್ಮ ಗಂಟಿನಲ್ಲಿ ಎಂತ ಉಂಟು?" ಎಂದು ಅವಳು ರಾಗವಾಗಿ ಕೇಳಿದಳು. ಒಂದು ಮುಂಡು ಎಂದ. "ಅದೂ ಒದ್ದೆಯಾ?" ಎಂದು ನಕ್ಕಳು. ಅಷ್ಟೇ. ಊರೂರು ಸುತ್ತಿ ಎಲ್ಲೂ ಎಡವದ ಚೆನ್ನಪ್ಪ ಗಂಜಿಯ ಬಟ್ಟಲಿನ ಮುಂದೆ ಬಿದ್ದುಹೋದ.

ಮರುದಿನ ಹೊರಡಬೇಕಿತ್ತು, ಹೊರಡಲಿಲ್ಲ. ಬಿಟ್ಟಿ ಊಟದ ಮನೆಯಲ್ಲಿ ಕೈ ಕೆಸರು ಮಾಡಿಕೊಳ್ಳಬಾರದೆಂಬುದು ಅವನದೇ ನಿಯಮ. ಅದನ್ನು ಅವನೇ ಮುರಿದ. ಮನೆಯ ಮಗನಲ್ಲವೇ ಎಂದು ಅಜ್ಜಿ ಬೇಲಿ ಕಟ್ಟಿಸಿದಳು, ಬಾವಿಯ ಹೂಳು ತೆಗೆಸಿದಳು, ಹಟ್ಟಿಯ ಗೊಬ್ಬರ ಹೊರಿಸಿದಳು. ಬೆನ್ನು ಮುರಿಯುತ್ತಿದ್ದರೂ ಚೆನ್ನಪ್ಪನಿಗೆ ಸುಖವೇ. ಒಂದೇ ಸಂಕಟ, ಸುಂದರಿ ಮಾತು ಮಾತಿಗೆ ಅಣ್ಣಾ ಎಂದು ಎಳೆದು ಕರೆದು ಮುಸಿಮುಸಿ ನಗುತ್ತಿದ್ದಳು.

ಅಷ್ಟರಲ್ಲಿ ಸುಂದರಿಯ ಸೋದರಮಾವ ಉಗ್ಗಪ್ಪ ಸುದ್ದಿ ತಂದ. ಅವಳಿಗೆ ಪುತ್ತೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಚೆನ್ನಪ್ಪ ಗೊಬ್ಬರದ ಬುಟ್ಟಿಯನ್ನು ಅಲ್ಲೇ ಇಟ್ಟು ಬೋವಿಕಾನಕ್ಕೆ ಓಡಿದ.

ಮಮ್ಮಾಲಿ ಎಲ್ಲವನ್ನೂ ಕೇಳಿದ, ಮೂಗಿಗೆ ಬಂದ ವಾಸನೆಯ ಬಗ್ಗೆ ಏನೂ ಹೇಳಲಿಲ್ಲ, ಅವನ ಗಾಡಿಯದ್ದೇ ಅದಕ್ಕಿಂತ ಜೋರು. "ಉಂಡದ್ದು ಸುಳ್ಳು ಹೇಳಿ. ಇನ್ನು ಹೆಣ್ಣು ಕೇಳ್ಲಿಕ್ಕೆ ನಿಜವೇ ಹೇಳ್ಬೇಕು ಮಾರಾಯ," ಎಂದ. "ಹೆಚ್ಚೆಂದ್ರೆ ಹೊಡೆದು ಓಡಿಸಿಯಾರು. ನಿನಗೆ ನಡೆದು ಅಭ್ಯಾಸ ಉಂಟಲ್ಲ."

ಚೆನ್ನಪ್ಪ ಮಿಂದು, ಒಣಗಿದ ಮುಂಡು ಉಟ್ಟು, ಜಗಲಿಯಲ್ಲಿ ಅಜ್ಜಿ ಮತ್ತು ಉಗ್ಗಪ್ಪನ ಮುಂದೆ ನಿಂತ. ತಾನು ಈ ಬರಿಯವನಲ್ಲ, ಊಟದ ಆಸೆಗೆ ಸುಳ್ಳು ಹೇಳಿದೆ, ಈಗ ಸುಂದರಿಯನ್ನು ಬಿಟ್ಟು ಹೋಗಲಾರೆ, ಒಪ್ಪಿದರೆ ಅವಳನ್ನು ಮದುವೆಯಾಗುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿ ಏಟಿಗಾಗಿ ಬೆನ್ನು ಬಗ್ಗಿಸಿದ.

ಏಟು ಬೀಳಲಿಲ್ಲ. ಅಜ್ಜಿ ನಕ್ಕಳು. ಕೆಮ್ಮು ಬರುವವರೆಗೆ ನಕ್ಕಳು.

"ಉಜ್ಜೆರನ್ನಾಯ ಎಂಬ ಬರಿಯೇ ಇಲ್ಲ ಮಗಾ," ಎಂದಳು. "ಆ ದಿನ ಗೋಡೆಗೆ ಒನಕೆ ಒರಗಿಸಿತ್ತು. ಅದನ್ನು ನೋಡಿ ಹೇಳಿದೆ."

ತುಳುವಿನಲ್ಲಿ ಒನಕೆಗೆ ಉಜ್ಜೆರ್ ಎನ್ನುತ್ತಾರೆ. ದಿನಾ ಆ ಮಾತಾಡುವ ಚೆನ್ನಪ್ಪನಿಗೆ ಹಸಿವಿನಲ್ಲಿ ಅದೂ ಹೊಳೆದಿರಲಿಲ್ಲ. ಅಜ್ಜಿ ಎಲ್ಲವನ್ನೂ ಬಿಡಿಸಿ ಹೇಳಿದಳು. ರೇಶನ್ ಬಂದಂದಿನಿಂದ ದೀಪದ ಹೊತ್ತಿಗೆ ಬರಿ ಕೇಳಿಕೊಂಡು ಬರುವವರು ಹೆಚ್ಚಾಗಿದ್ದರು. ಅತಿಥಿಗೆ ಕೆಲಸ ಹೇಳಲಿಕ್ಕಾಗುವುದಿಲ್ಲ, ಮನೆಯ ಮಗನಿಗೆ ಹೇಳಬಹುದು. ಹಾಗಾಗಿ ಅವಳು ಬಂದವರಿಗೆಲ್ಲ ಕಣ್ಣಿಗೆ ಬಿದ್ದದ್ದರ ಬರಿ ಹೇಳುತ್ತಿದ್ದಳು. ಹೋದ ವರ್ಷ ಮಡಕೆಯ ಬರಿಯವನೊಬ್ಬ ಹಟ್ಟಿಗೆ ಮುಳಿಹುಲ್ಲು ಹೊದೆಸಿ ಹೋಗಿದ್ದ. ಸುಂದರಿಗೂ ಎಲ್ಲ ಗೊತ್ತಿತ್ತು. ಆ ಅಣ್ಣಾ ಎಂಬ ರಾಗ ಅದಕ್ಕೇ.

ಚೆನ್ನಪ್ಪನಿಗೆ ನಾಚಿಕೆಯಾಗಲು ಪುರುಸೊತ್ತೇ ಇರಲಿಲ್ಲ, ಅಷ್ಟು ಸಂತೋಷ. ಬರಿಯೇ ಇಲ್ಲದ ಮೇಲೆ ಅಡ್ಡಿ ಎಲ್ಲಿಯದು? ಸುಂದರಿ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖದಲ್ಲಿ ಬೇಡ ಎನ್ನುವ ಒಂದು ಗೆರೆಯೂ ಇರಲಿಲ್ಲ. ಉಗ್ಗಪ್ಪನೂ ಅಂಗಳದಾಚೆ ನೋಡಿ, ಬೇಲಿ ಕಟ್ಟಿದ್ದು ಗಟ್ಟಿಯಾಗಿದೆ, ಪುತ್ತೂರಿನವರಿಗೆ ಏನಾದರೂ ನೆಪ ಹೇಳಿದರಾಯಿತು ಎಂದ. ಆಮೇಲೆ ಮದುವೆಯ ಮಾತಿನಲ್ಲಿ ಎಲ್ಲರೂ ಕೇಳುವುದನ್ನೇ ಅವನೂ ಕೇಳಿದ.

"ಹಾಗಾದ್ರೆ ನಿನ್ನ ನಿಜವಾದ ಬರಿ ಯಾವುದು?"

ಪರರ ಜಗಲಿಯಲ್ಲಿ ನಿಂತು ಚೆನ್ನಪ್ಪ ತನ್ನ ನಿಜವಾದ ಬರಿ ಹೇಳುವುದು ಅದೇ ಮೊದಲು. ಎದೆ ಎತ್ತಿ ಹೇಳಿದ. "ಬಂಗೇರ."

ಉಗ್ಗಪ್ಪ ಅಜ್ಜಿಯನ್ನು ನೋಡಿದ. ಅಜ್ಜಿಯ ನಗು ಎಲ್ಲಿ ಹೋಯಿತೋ.

"ನಮ್ಮದೂ ಅದೇ ಮಗಾ," ಎಂದಳು.

ಇದೂ ಅಜ್ಜಿಯ ಆಟವೇ ಇರಬೇಕೆಂದು ಚೆನ್ನಪ್ಪ ಸುತ್ತಲೂ ಕಣ್ಣಾಡಿಸಿದ, ಬಂಗೇರ ಎನ್ನುವಂಥ ವಸ್ತು ಜಗಲಿಯಲ್ಲಿ ಎಲ್ಲಿಯಾದರೂ ಉಂಟೇ ಎಂದು ಹುಡುಕಿದ. ಇರಲಿಲ್ಲ. ಬಾಗಿಲಿನತ್ತ ನೋಡಿದ. ಸುಂದರಿಯ ಕಣ್ಣು ತುಂಬಿತ್ತು, ಅವಳು ತಿರುಗಿ ಒಳಗೆ ಹೋದಳು. ಆಗ ಅವನಿಗೆ ನಂಬಿಕೆ ಬಂತು. ಅತ್ತುಬಿಡಬೇಕೆನಿಸಿತು, ಆದರೆ ಯಾರ್ಯಾರ ಜಗಲಿಯಲ್ಲೋ ಬೇಕೆಂದಾಗ ಹರಿದಿದ್ದ ಕಣ್ಣೀರು ಈಗ ಒಂದು ಹನಿಯೂ ಬರಲಿಲ್ಲ.

ಆ ದಿನ ಚೆನ್ನಪ್ಪನಿಗಾಗಿ ಕೋಳಿ ಕೊಯ್ದರು. ಸುಳ್ಳು ಮಗನಿಗೆ ಗಂಜಿ ಸಾಕು, ನಿಜವಾದ ಮಗನಿಗೆ ಸಾಲದಲ್ಲ. ಇನ್ನು ಮುಂದೆ ಎಷ್ಟು ಕಾಲ ಬೇಕಾದರೂ ಇಲ್ಲಿ ಉಣ್ಣಬಹುದು, ನಿನ್ನದೇ ಮನೆ ಎಂದು ಅಜ್ಜಿ ಎಲೆಗೆ ತುಂಡಿನ ಮೇಲೆ ತುಂಡು ಹಾಕಿದಳು. ಅವನು ಒಂದನ್ನೂ ಬಾಯಿಗಿಡಲಿಲ್ಲ.

ಪಕ್ಕದ ಎಲೆಯಲ್ಲಿ ಉಗ್ಗಪ್ಪ ಚೆನ್ನಾಗಿಯೇ ಉಂಡ. ಕೈ ತೊಳೆಯುವ ಮೊದಲು ಅವನಿಗೆ ಇನ್ನೊಂದು ನೆನಪಾಯಿತು.

"ಪುತ್ತೂರಿಗೆ ಹೋಗಿ ಹುಡುಗನ ಮನೆ ನೋಡಿ ಬರ್ಲಿಕ್ಕುಂಟು," ಎಂದ. "ಅದು ಹುಡುಗಿಯ ಅಣ್ಣನ ಕೆಲಸ. ಇಷ್ಟು ದಿನ ನಮ್ಮಲ್ಲಿ ಅಣ್ಣ ಇರ್ಲಿಲ್ಲ. ಬಸ್ಸಿಗೆ ನಾನು ಕೊಡ್ತೇನೆ, ಹೋಟೆಲಿನ ಊಟಕ್ಕೂ ಕೊಡ್ತೇನೆ. ಅವರಲ್ಲಿ ಮಲಗ್ಲಿಕ್ಕೆ ಹಾಸಿಗೆಯೂ ಉಂಟಂತೆ."

ಚೆನ್ನಪ್ಪ ತಲೆ ಎತ್ತಲಿಲ್ಲ.

"ನನಗೆ ಊರೂರು ತಿರುಗಿ ಅಭ್ಯಾಸ ಇಲ್ಲ ಮಾವ," ಎಂದ.