ವಿಷಾದಿಸುವ ಕಂಠ

ನನ್ನ ಅಕ್ಕ ವಿಷಾದಿಸಿದರೆ ಜನ ಕ್ಷಮಿಸಿಬಿಡುತ್ತಾರೆ. ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಗಾಡಿ ತಡವಾಗಿ ಬರಲಿದೆ, ಪ್ರಯಾಣಿಕರಿಗಾಗುವ ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಹೇಳುವಾಗ, ಆ ಕೊನೆಯ ಪದದ ಮೇಲೆ ಒಂದು ಕ್ಷಣ ನಿಂತು ಮುಂದೆ ಹೋಗುವ ಅವಳ ಧಾಟಿಗೆ, ಅದುವರೆಗೆ ಗಡಿಯಾರ ನೋಡಿ ಗೊಣಗುತ್ತಿದ್ದವರೂ ತಮ್ಮ ಪೆಟ್ಟಿಗೆಯ ಮೇಲೆ ಕೂತು ಕಾಲು ಚಾಚುವುದನ್ನು ನಾನೇ ಕಂಡಿದ್ದೇನೆ. ಅದೇ ವಾಕ್ಯವನ್ನು ಕೋಣೆಯ ಬಾಗಿಲು ಹಾಕಿಕೊಂಡು ಎಷ್ಟೋ ಸಲ ಹೇಳಿ ನೋಡಿದ್ದೇನೆ. ನನ್ನ ಬಾಯಲ್ಲಿ ಅದು ವಕೀಲರ ನೋಟಿಸಿನಂತೆ ಕೇಳುತ್ತದೆ. ನಾನು ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವಳು, ನಾಲ್ಕು ಜನ ಓದುವಂಥದ್ದನ್ನು ಬರೆಯುವವಳು. ಆದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಕಂಠವೆಲ್ಲ ಅವಳ ಪಾಲಿಗೇ ಹೋಯಿತಲ್ಲ ಎಂಬ ಹೊಟ್ಟೆಕಿಚ್ಚು ಬುದ್ಧಿ ಬಂದಾಗಿನಿಂದ ನನ್ನಲ್ಲಿದೆ.

ನೋಡುವುದಕ್ಕೆ ಅವಳೇನು ಅಂಥ ಆಕರ್ಷಕ ವ್ಯಕ್ತಿಯಲ್ಲ. ಹಿಮ್ಮಡಿ ಎತ್ತದೆ ನೆಲ ಸವರಿಕೊಂಡು ನಡೆಯುತ್ತಾಳೆ. ನಾವು ಮೂರನೆಯ ಕೋಣೆಯಲ್ಲಿದ್ದರೂ ಅವಳು ಬಂದಳೆಂದು ತಿಳಿಯುತ್ತದೆ. ರೈಲಿನಲ್ಲಿ ಗಾರ್ಡ್ ಆಗಿದ್ದ ಅಪ್ಪ ಬಿಟ್ಟುಹೋದ ಕಡುನೀಲಿ ಉಣ್ಣೆಯ ಕೋಟನ್ನು, ತೋಳುಗಳನ್ನು ಎರಡು ಮಡಿಕೆ ಮಡಿಸಿ, ಯಾರು ಏನಂದರೂ ಬಿಡದೆ ತೊಡುತ್ತಾಳೆ. ಮನೆಯಲ್ಲಿ ಅವಳ ಅರ್ಧ ಮಾತು ಶುರುವಾಗುವುದೇ ಪ್ರಕಟಣೆಯ ಶೈಲಿಯಲ್ಲಿ. "ದಯವಿಟ್ಟು ಗಮನಿಸಿ, ಬಚ್ಚಲುಮನೆ ಖಾಲಿಯಾಗೋದು ಇನ್ನೂ ಅರ್ಧ ಗಂಟೆ ತಡ" ಎಂದರೆ ಸಾಕು, ನೂರು ಸಲ ಕೇಳಿದ್ದರೂ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ನಾನು ಇದಕ್ಕಿಂತ ಚೆಂದದ ಮಾತು ಆಡಿದ ದಿನ ಅಮ್ಮ, "ಉಪ್ಪು ಈ ಕಡೆ ಕೊಡೇ" ಎಂದಿದ್ದಾಳೆ.

ಗಂಟಲಿನ ಗ್ರಂಥಿ ಸೋಮಾರಿಯಾಗುವುದು ನಮ್ಮ ಮನೆತನದ ಪಿತ್ರಾರ್ಜಿತ. ಒಂದೇ ವರ್ಷ ಇಬ್ಬರಿಗೂ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆಯೆಂದು ಬಂತು. ಇಬ್ಬರಿಗೂ ಅದೇ ಪುಟ್ಟ ಬಿಳಿ ಮಾತ್ರೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ, ಆಮೇಲೆ ಬಹಳ ಹೊತ್ತು ಕಾಫಿಯಿಲ್ಲ. ಕೆಲವು ತಿಂಗಳಲ್ಲಿ ನಾನು ಚೇತರಿಸಿಕೊಂಡೆ, ಅಕ್ಕ ಚೇತರಿಸಿಕೊಳ್ಳಲಿಲ್ಲ. ವೈಶಾಖದಲ್ಲೂ ಕೋಟಿನೊಳಗೆ ನಡುಗುತ್ತಿದ್ದಳು, ಮುಖ ಊದಿಕೊಂಡಿತು, ಹೇಳಬೇಕಾದ ಪ್ಲಾಟ್‌ಫಾರ್ಮ್ ಸಂಖ್ಯೆ ನಾಲಿಗೆಯ ತುದಿಯಲ್ಲೇ ನಿಲ್ಲತೊಡಗಿತು. ಎಲ್ಲಕ್ಕಿಂತ ಮಿಗಿಲಾಗಿ ಆ ಕಂಠ ದಪ್ಪಗಾಗಿ, ಒರಟಾಗಿ, ಕಂಬಳಿ ಹೊದ್ದು ಮಾತಾಡಿದಂತೆ ಕೇಳತೊಡಗಿತು. ಆದರೆ ವರದಿಗಳು ಮಾತ್ರ ಪ್ರತಿ ಸಲವೂ ನಿಷ್ಕಳಂಕ. ಎಲ್ಲ ಅಂಕಿಗಳೂ ಗೆರೆಯೊಳಗೆ.

"ಎಲ್ಲಾ ನಾರ್ಮಲ್ ಇದೆಯಲ್ಲಮ್ಮ" ಎಂದು ಡಾಕ್ಟರಮ್ಮ ಕಾಗದ ತಿರುಗಿಸಿ ತೋರಿಸಿದರೆ ಅಕ್ಕ ಅದನ್ನು ಓದುವ ಗೋಜಿಗೂ ಹೋಗುತ್ತಿರಲಿಲ್ಲ. "ರಿಪೋರ್ಟು ಸರಿಯಾಗಿದೆ ಡಾಕ್ಟ್ರೇ, ನಾನು ಸರಿಯಾಗಿಲ್ಲ" ಎನ್ನುತ್ತಿದ್ದಳು. ಜಗಳದ ದನಿಯಲ್ಲ, ಗಾಡಿ ಬಂದಿಲ್ಲ ಎಂದು ತಿಳಿಸುವ ದನಿ. ಹೀಗೇ ಹೋದಳು, ಮರಳಿದಳು, ಮತ್ತೆ ಹೋದಳು. ನಾನಾಗಿದ್ದರೆ ಆ ಕಾಗದಕ್ಕೆ ತಲೆಬಾಗಿ ಮನೆಗೆ ಬಂದು, ಇದೆಲ್ಲ ನನ್ನ ಭ್ರಮೆಯೇ ಇರಬೇಕೆಂದು ಮುಸುಕು ಹಾಕಿಕೊಳ್ಳುತ್ತಿದ್ದೆ. ಅವಳ ಕಂಠಕ್ಕಿಂತ ಈ ಮೊಂಡುತನದ ಮೇಲೆಯೇ ನನಗೆ ಹೆಚ್ಚು ಕಣ್ಣು ಬಿತ್ತು.

ಅಮ್ಮನಂತೂ ಮೂರು ಹೊತ್ತೂ ಅವಳ ಸುತ್ತಲೇ. ನೀರು ಕಾಯಿಸುವುದು, ಪಾದ ತಿಕ್ಕುವುದು, ಕೋಟಿನ ಗುಂಡಿ ಹಾಕುವುದು. ಮಾತ್ರೆ ಹಿಡಿಸಿ ಗುಣವಾದವಳನ್ನು ಯಾರೂ ಹೇಗಿದ್ದೀ ಎಂದು ಕೇಳುವುದಿಲ್ಲ. ಕಾಯಿಲೆಯನ್ನೂ ಅವಳೇ ನನಗಿಂತ ಚೆನ್ನಾಗಿ ಮಾಡುತ್ತಿದ್ದಾಳೆ ಎಂದು ನಾನು ಒಳಗೊಳಗೇ ಕುದಿದೆ.

ಅಷ್ಟರಲ್ಲಿ ಸ್ಟೇಷನ್ ಮಾಸ್ತರರು ಅವಳನ್ನು ಕರೆಸಿದರು. ಹೇಳಿದ್ದು ಅರ್ಥವಾಗಲಿಲ್ಲವೆಂದು ಪ್ರಯಾಣಿಕರ ದೂರುಗಳು ಬಂದಿದ್ದವು. "ಈ ತಿಂಗಳು ನೋಡೋಣಮ್ಮ. ಆಮೇಲೂ ಹೀಗೇ ಇದ್ರೆ ಪಾರ್ಸೆಲ್ ಆಫೀಸಿಗೆ ಹೋಗಿಬಿಡಿ, ಅಲ್ಲಿ ಮಾತಾಡೋ ಕೆಲಸ ಇಲ್ಲ" ಎಂದರಂತೆ. ಅಂದು ಅಕ್ಕ ಮನೆಗೆ ಬಂದು ಏನನ್ನೂ ಪ್ರಕಟಿಸಲಿಲ್ಲ. ಕೋಟು ತೊಟ್ಟೇ ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಜೀವಮಾನವೆಲ್ಲ ಬಯಸಿದ ಕಂಠ ಇನ್ನು ಯಾರದೂ ಅಲ್ಲದಂತೆ ಹೋಗಿಬಿಡುತ್ತದೆಯೆಂದು ತೋರಿದಾಗ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು.

ಮರುದಿನ ಡಾಕ್ಟರಮ್ಮನ ಬಳಿಗೆ ಅವಳ ಜೊತೆ ನಾನೂ ಹೋದೆ. ಇದೇ ಮಾತ್ರೆಯ ಜೊತೆ ಇನ್ನೇನಾದರೂ ತೆಗೆದುಕೊಳ್ಳುತ್ತೀರಾ, ಕಬ್ಬಿಣದ್ದು, ಕ್ಯಾಲ್ಸಿಯಂ, ಏನಾದರೂ ಸರಿ ಹೇಳಿ ಎಂದು ಅವರು ಕೇಳಿದರು. ಹಿಂದೆಯೂ ಕೇಳಿದ್ದರಂತೆ, ಇಲ್ಲವೆಂದಿದ್ದಳಂತೆ. ಈ ಸಲ ಅಕ್ಕ ನನ್ನನ್ನೊಮ್ಮೆ ನೋಡಿ, ಕೋಟಿನ ಒಳಜೇಬಿನಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ಕೂದಲು ಬೆಳೆಯಲು ಅಂಗಡಿಯಲ್ಲಿ ಮಾರುವ ಬಯೋಟಿನ್ ಮಾತ್ರೆ.

"ಮೊದಲನೇ ಟೆಸ್ಟ್ ಆದ್ಮೇಲೆ ಕೂದಲು ಉದುರೋಕೆ ಶುರುವಾದಾಗಿನಿಂದ ದಿನಾ ತಗೋತೀನಿ. ಔಷಧಿ ಅಲ್ವಲ್ಲ ಅಂತ ಹೇಳ್ಲಿಲ್ಲ" ಎಂದಳು. ಆಮೇಲೆ, ಅದೇ ತಿಳಿಸುವ ದನಿಯಲ್ಲಿ, "ಇವಳಿಗೆ ಗೊತ್ತಾಗೋದೂ ಬೇಡ ಅಂತಿತ್ತು. ಇವಳ ಜಡೆ ನೋಡಿ ಡಾಕ್ಟ್ರೇ. ಚಿಕ್ಕವಳಿದ್ದಾಗಿಂದ ಅದನ್ನ ನೋಡಿದ್ರೆ ನಂಗೆ ಹೊಟ್ಟೆಯುರಿ."

ನನಗೆ ನನ್ನ ಜಡೆಯನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ವಿವರಿಸಿದರು. ಕೆಲವು ಬಗೆಯ ರಕ್ತಪರೀಕ್ಷೆಗಳನ್ನು ಈ ಬಯೋಟಿನ್ ದಾರಿ ತಪ್ಪಿಸುತ್ತದೆ. ಒಳಗೆ ಕೊರತೆಯಿದ್ದರೂ ಕಾಗದದ ಮೇಲೆ ಎಲ್ಲ ಸರಿಯಿರುವಂತೆ ಕಾಣಬಹುದು. ಅದನ್ನು ನಿಲ್ಲಿಸಿ ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದರೆ ನಿಜ ಹೊರಬರುತ್ತದೆ. ನನ್ನ ಜಡೆಯ ಮೇಲಿನ ಆಸೆಯಿಂದ ನುಂಗಿದ ಮಾತ್ರೆ ಅವಳ ಕಂಠದ ಕಾಯಿಲೆಗೆ ಇಷ್ಟು ದಿನ ಪರದೆ ಕಟ್ಟಿತ್ತು.

ಹೊಸ ವರದಿ ಬಂದ ದಿನ ಅಕ್ಕ ಅದನ್ನು ಎತ್ತಿ ಹಿಡಿದುಕೊಂಡು, ಹಿಮ್ಮಡಿ ಎಳೆಯುತ್ತ ಓಣಿಯುದ್ದಕ್ಕೂ ನಗುತ್ತ ಬಂದಳು. "ದಯವಿಟ್ಟು ಗಮನಿಸಿ, ರಿಪೋರ್ಟು ಕೆಟ್ಟಿದೆ" ಎಂದಳು. ಅಮ್ಮ ನಗಬೇಕೋ ಅಳಬೇಕೋ ತಿಳಿಯದೆ ನನ್ನ ಮುಖ ನೋಡಿದಳು. ಮಾತ್ರೆಯ ಪ್ರಮಾಣ ಏರಿತು. ಸ್ಟೇಷನ್ ಮಾಸ್ತರರು ಡಾಕ್ಟರಮ್ಮನ ಚೀಟಿ ನೋಡಿ ಇನ್ನಷ್ಟು ಸಮಯ ಕೊಟ್ಟರು. ಕಂಠ ಒಮ್ಮೆಗೇ ಬರಲಿಲ್ಲ, ಮಳೆ ನಿಂತ ಮೇಲೆ ಬಟ್ಟೆ ಒಣಗಿದ ಹಾಗೆ ನಿಧಾನವಾಗಿ ಬಂತು. ಮೊನ್ನೆ ಒಬ್ಬರನ್ನು ಗಾಡಿ ಹತ್ತಿಸಲು ಹೋಗಿದ್ದೆ. ಗಾಡಿ ತಡವಾಗಿತ್ತು. ಅವಳು ವಿಷಾದಿಸಿದಳು, ಆ ಪದದ ಮೇಲೆ ತಂಗಿದಳು, ನನ್ನ ಹಳೆಯ ಹೊಟ್ಟೆಕಿಚ್ಚು ಒಂದಿಷ್ಟೂ ಸವೆಯದೆ ಮರಳಿ ಬಂತು. ಸಮಾಧಾನವಾಯಿತು.

ಲೋಕದಲ್ಲಿ ಇಂಥದೊಂದು ಜಾತಿಯ ಜನರಿದ್ದಾರೆ. ತಮ್ಮೊಳಗೆ ನಡೆಯುತ್ತಿರುವುದನ್ನು ನಂಬುವುದಕ್ಕೆ ಅವರು ಯಾರ ಸಹಿಗೂ ಕಾಯುವುದಿಲ್ಲ. ಚಳಿಯಾದರೆ ಚಳಿಯೆನ್ನುತ್ತಾರೆ, ಸರಿಯಿಲ್ಲದಿದ್ದರೆ ಸರಿಯಿಲ್ಲವೆನ್ನುತ್ತಾರೆ, ಎಲ್ಲೋ ಒಂದು ಕಡೆ ಎಡವಿ ಮುಚ್ಚಿಟ್ಟರೂ ಸಮಯ ಬಂದಾಗ ಸೀಸೆಯನ್ನು ತೆಗೆದು ಮೇಜಿನ ಮೇಲಿಡುತ್ತಾರೆ. ಅಂಥವರ ಪಕ್ಕದಲ್ಲಿ ಬಾಳುವುದು ಸುಲಭವಲ್ಲ. ತನ್ನ ಹೊಟ್ಟೆಯುರಿಯನ್ನು ಅಕ್ಕ ಒಂದೇ ವಾಕ್ಯದಲ್ಲಿ, ನನ್ನ ಎದುರಿಗೇ ಹೇಳಿ ಹಗುರಾದಳು. ನನ್ನದನ್ನು ಹೇಳಲು ನನಗೆ ಇಷ್ಟು ಕಾಗದ ಬೇಕಾಯಿತು, ಅದೂ ಅವಳಿಗೆ ತೋರಿಸುವ ಧೈರ್ಯವಿಲ್ಲ.