ಮೂಟೆಗೆ ಇಳಿಜಾರು, ಮಗಳಿಗೆ ಮೆಟ್ಟಿಲು

“ನಡೆಯೋಕೇ ಆಗದವಳಿಗೆ ಶಾಲೆ ಯಾಕೆ? ಮನೇಲಿ ಊಟಕ್ಕೆ ಕಮ್ಮಿ ಮಾಡಿದೀನಾ?” ಗಾರೆ ಮೇಸ್ತ್ರಿ ತಟ್ಟೆ ತಳ್ಳಿದ.

“ಕಾಲಲ್ಲಿ ಶಕ್ತಿ ಇಲ್ಲ, ಅಷ್ಟೇ. ತಲೆ ಚೆನ್ನಾಗೇ ಇದೆ,” ಎಂದಳು ಹೆಂಡತಿ. “ನಿಮ್ಮ ನಾಲಿಗೆಗಿರೋ ಶಕ್ತಿ ಅವಳ ಕಾಲಿಗಿದ್ದಿದ್ರೆ ಇಷ್ಟೊತ್ತಿಗೆ ಊರು ಸುತ್ತಿ ಬರ್ತಿದ್ಲು.”

ರಜೆಯ ದಿನವೂ ಮನೆಗೇ ಬಂದಿದ್ದ ಎದುರಿನ ಶಾಲೆಯ ಟೀಚರಮ್ಮ ನಗು ನುಂಗಿಕೊಂಡರು.

ಮಗಳು ಚೂಟಿಗೆ ಒಂಬತ್ತು ವರ್ಷ. ಗಾಲಿಕುರ್ಚಿಯಲ್ಲಿ ಕಿಟಕಿಗೆ ಮುಖ ಮಾಡಿ ಕೂತು, ಆ ಶಾಲೆಯಿಂದ ಕೇಳಿಬರುವ ಮಗ್ಗಿಯನ್ನು ಕೇಳಿ ಕೇಳಿಯೇ ಕಲಿತವಳು. ಈ ವರ್ಷವೂ ಸೇರಿಸದಿದ್ದರೆ ಅವಳ ಬಾಳು ಆ ಕಿಟಕಿಗೇ ಮುಗಿದುಹೋಗುತ್ತದೆ ಎಂಬುದು ತಾಯಿಯ ಭಯ.

“ಬೇರೆ ಮಕ್ಕಳು ಆಡ್ಕೊಂಡು ನಗ್ತಾರೆ. ಅವಳು ಅಳೋದನ್ನ ನಾನು ನೋಡ್ಲಾ?” ಎಂದ ಮೇಸ್ತ್ರಿ.

“ಅಳ್ತಾಳೆ, ಇಲ್ಲೇ. ನೀವು ಕೆಲಸಕ್ಕೆ ಹೋದ್ಮೇಲೆ,” ಎಂದಳು ಹೆಂಡತಿ.

“ನಗೋರನ್ನ ನಾನು ನೋಡ್ಕೋತೀನಿ, ಅಣ್ಣ,” ಎಂದರು ಟೀಚರಮ್ಮ. “ಅವಳ ಎತ್ತರಕ್ಕೆ ಮೇಜು ಹಾಕಿಸ್ತೀವಿ. ಬರೆಯೋಕೆ ಹೆಚ್ಚು ಹೊತ್ತು ಕೊಡ್ತೀವಿ. ಬಾಗಿಲಿನ ಮೆಟ್ಟಿಲು ತೆಗೆಸಿ ಇಳಿಜಾರು ಹಾಕಿಸೋಕೂ ಶಾಲೆಯವರು ಒಪ್ಪಿದ್ದಾರೆ. ಕೆಲಸದವರು ಸಿಕ್ಕಿಲ್ಲ.”

“ಕೇಳಿಸ್ತಾ? ಮೆಟ್ಟಿಲು!” ಮೇಸ್ತ್ರಿ ಗೆದ್ದವನಂತೆ ಎದ್ದ.

“ಆ ಮೆಟ್ಟಿಲು ಕಟ್ಟಿದ ಮಹಾರಾಯ ಯಾರು?” ಹೆಂಡತಿ ಕೇಳಿದಳು.

ಎದ್ದಿದ್ದ ಮೇಸ್ತ್ರಿ ಮತ್ತೆ ಕೂತ. ಕಟ್ಟಿದವನು ಅವನೇ.

“ಮೂಟೆ ಹೊತ್ತ ಕೈಗಾಡಿ ಸಲೀಸಾಗಿ ಹತ್ತಲಿ ಅಂತ ಗೋದಾಮಿಗೆ ಇಳಿಜಾರು ಮಾಡಿಕೊಟ್ರಿ. ಕಂಡೋರಿಗೆಲ್ಲ ತೋರಿಸಿ ಮೆರೆದ್ರಿ. ಮೂಟೆಗೆ ದಾರಿ ಬೇಕು ಅಂತ ಹೊಳೀತು, ಹೆತ್ತ ಮಗಳಿಗೆ ಹೊಳೀಲಿಲ್ಲ. ಮೂಟೆಗಿಂತ ಕಡೆಯಾದಳಾ ಅವಳು?”

ಚೂಟಿ ಗಾಲಿ ತಿರುಗಿಸಿದಳು. “ಅಪ್ಪ, ನಾನು ಮೂಟೆಯಷ್ಟು ಭಾರ ಇಲ್ಲ. ಸಿಮೆಂಟು ಕಮ್ಮಿ ಸಾಕು.”

ಮೇಸ್ತ್ರಿ ಕರಣೆ, ಸುತ್ತಿಗೆ ಎತ್ತಿಕೊಂಡು ದಡದಡನೆ ಹೊರನಡೆದ. ಮಧ್ಯಾಹ್ನವಾದರೂ ಬರಲಿಲ್ಲ. ಅನ್ನ ಆರಿತು. ಸಿಟ್ಟಿನಲ್ಲಿ ಎಲ್ಲಿ ಹೋದನೋ ಎಂದು ಹೆಂಡತಿ ಒಳಗೂ ಹೊರಗೂ ಓಡಾಡುತ್ತಿದ್ದಾಗ ಚೂಟಿ ಕಿಟಕಿಯಿಂದ ಕೂಗಿದಳು: “ಅಮ್ಮಾ, ಅಪ್ಪ ಶಾಲೆ ಮೆಟ್ಟಿಲು ಒಡೀತಿದ್ದಾರೆ.”

ಅಪ್ಪಂದಿರೇ, ಅಮ್ಮಂದಿರೇ, ಮಗುವಿನ ಕಾಲಿನ ಮೇಲೆ ತಪ್ಪು ಹೊರಿಸಿದ್ದು ಸಾಕು. ಮೆಟ್ಟಿಲು ಕಟ್ಟಿದವರು ನಾವು, ಒಡೆಯಬೇಕಾದವರೂ ನಾವೇ. ಅಯ್ಯೋ ಪಾಪ ಎನ್ನುತ್ತ ಮಗುವನ್ನು ಕೋಣೆಯಲ್ಲಿ ಕೂಡಿಹಾಕುವುದು ಪ್ರೀತಿಯಲ್ಲ. ನಾಳೆಯೇ ಶಾಲೆಗೆ ಹೋಗಿ ಕೇಳಿ: ನನ್ನ ಮಗು ಒಳಗೆ ಬರಲು ದಾರಿ ಎಲ್ಲಿ? ಇಲ್ಲ ಎಂದರೆ, ದಾರಿ ಆಗುವವರೆಗೂ ಆ ಬಾಗಿಲು ಬಿಟ್ಟು ಕದಲಬೇಡಿ.